ಮುಧೋಳದ ನಾಯಿ, ಆಳಕಡಲಿನ ಮೀನು ಮತ್ತು ವಿಜಯಪುರದ ನೆಲ

2025ರ ಮೇ ಕೊನೆಯಲ್ಲಿ ತಮಿಳುನಾಡಿನ ಮೀನುಗಾರರ ಬಲೆಗೆ ವಿಚಿತ್ರ ಮೀನೊಂದು ಬಿತ್ತು. ಸುಮಾರು 30 ಅಡಿ ಉದ್ದವಿದೆ ಎಂದು ವರದಿಯಾದ, ಮೈಯೆಲ್ಲ ಬೆಳ್ಳಿ ಬಣ್ಣದ, ತಲೆಯ ಮೇಲೆ ಕೆಂಪು ಜುಟ್ಟಿನ ಆ ಮೀನನ್ನು ಹಲವರು ಸೇರಿ ಎತ್ತಿ ಹಿಡಿದು ನಿಂತ ವಿಡಿಯೊ ಊರೂರಿಗೆ ಹರಿದಾಡಿತು. ಅದರ ಹೆಸರು ಓರ್‌ಫಿಶ್. ‘ಪ್ರಳಯದ ಮೀನು’ ಎಂಬುದು ಅದಕ್ಕೆ ಅಂಟಿಕೊಂಡ ಅಡ್ಡಹೆಸರು. ಅದು ಮೇಲೆ ಬಂದರೆ ಭೂಕಂಪ ಖಚಿತ ಎಂಬ ಮಾತು ವಿಡಿಯೊದ ಬೆನ್ನಿಗೇ ಬಂತು.

ಕಡಲಿನಿಂದ ದೂರವಿರುವ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಗೆ ಮೀನಿನ ಸುದ್ದಿ ಏಕೆ ಬೇಕು ಎಂದು ಕೇಳಬಹುದು. ಬೇಕು, ಏಕೆಂದರೆ ಇಲ್ಲಿನ ನೆಲ ಕೆಲವು ವರ್ಷಗಳಿಂದ ಸುಮ್ಮನಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ವಿಜಯಪುರ ಜಿಲ್ಲೆಯ ಹಲವೆಡೆ ಭೂಮಿ ಕಂಪಿಸಿತು. 2022ರ ಜುಲೈ 9ರ ಬೆಳಗಿನ ಕಂಪನದ ತೀವ್ರತೆ 4.4ರಷ್ಟಿತ್ತು, ನೆರೆಯ ಮಹಾರಾಷ್ಟ್ರದಲ್ಲಿಯೂ ಅದರ ಅನುಭವವಾಯಿತು. ನಂತರವೂ ಆಗಾಗ ಸಣ್ಣ ಕಂಪನಗಳು ಆಗುತ್ತಲೇ ಇವೆ. ಹೀಗಿರುವಾಗ ಮೀನಿನ ಭವಿಷ್ಯವಾಣಿಯನ್ನು ಜನ ನಕ್ಕು ಬಿಡುವುದಿಲ್ಲ. ‘ಕಂಪನಕ್ಕೆ ಮೊದಲು ನಾಯಿಗಳು ಊಳಿಟ್ಟವು, ಎಮ್ಮೆಗಳು ಹಗ್ಗ ಜಗ್ಗಿದವು’ ಎಂಬ ಮಾತು ಹಳ್ಳಿಗಳಲ್ಲಿ ಮೊದಲಿನಿಂದಲೂ ಇದೆ. ನಾಯಿಗೆ ಗೊತ್ತಾಗುವುದಾದರೆ ಮೀನಿಗೆ ಏಕೆ ಗೊತ್ತಾಗಬಾರದು ಎಂಬುದು ಸಹಜ ಪ್ರಶ್ನೆ.

ಈ ಪ್ರಶ್ನೆಯಲ್ಲೇ ಒಂದು ತೊಡಕಿದೆ. ನಾಯಿಯ ಬಗ್ಗೆ ಹೇಳುವ ಮಾತು ಬೇರೆ, ಓರ್‌ಫಿಶ್ ಬಗ್ಗೆ ಹೇಳುವ ಮಾತು ಬೇರೆ. ಒಂದಕ್ಕೆ ಭೌತಶಾಸ್ತ್ರದ ಬಲವಿದೆ, ಇನ್ನೊಂದಕ್ಕೆ ಕಾಕತಾಳೀಯದ ಬಲ ಮಾತ್ರ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದರಿಂದಲೇ ಗೊಂದಲ ಹುಟ್ಟಿದೆ.

ನೆಲದೊಳಗಿಂದ ಬರುವ ಎರಡು ಅಲೆಗಳು

ನೆಲದಾಳದಲ್ಲಿ ಬಂಡೆ ಸೀಳಿ ಜರುಗಿದಾಗ ಮುಖ್ಯವಾಗಿ ಎರಡು ಬಗೆಯ ಅಲೆಗಳು ಹೊರಡುತ್ತವೆ. ಮೊದಲನೆಯದು ಬಂಡೆಯನ್ನು ಹಿಂದೆ ಮುಂದೆ ಒತ್ತುತ್ತಾ ಸಾಗುವ ಪ್ರಾಥಮಿಕ ಅಲೆ. ಅದರ ವೇಗ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್. ಎರಡನೆಯದು ಬಂಡೆಯನ್ನು ಅಡ್ಡಡ್ಡಲಾಗಿ ಅಲುಗಿಸುವ ದ್ವಿತೀಯ ಅಲೆ. ಅದರ ವೇಗ ಸೆಕೆಂಡಿಗೆ ಸುಮಾರು ಮೂರೂವರೆ ಕಿಲೋಮೀಟರ್. ಮೊದಲನೆಯದು ಬೇಗ ಬರುತ್ತದೆ, ಆದರೆ ಮೃದು. ಎರಡನೆಯದು ತಡವಾಗಿ ಬಂದು ಗೋಡೆ ಬೀಳಿಸುತ್ತದೆ.

ಇವೆರಡರ ನಡುವಿನ ಅಂತರ ದೂರ ಹೆಚ್ಚಿದಂತೆ ಹೆಚ್ಚುತ್ತದೆ. ಕಂಪನದ ಮೂಲದಿಂದ ಪ್ರತಿ 8 ಕಿಲೋಮೀಟರಿಗೆ ಸುಮಾರು ಒಂದು ಸೆಕೆಂಡ್ ಎಂದು ಲೆಕ್ಕ ಹಿಡಿಯಬಹುದು. ಮೂಲ 10 ಕಿಲೋಮೀಟರ್ ದೂರದಲ್ಲಿದ್ದರೆ ಸಿಗುವ ಬಿಡುವು ಒಂದೆರಡು ಸೆಕೆಂಡ್. 160 ಕಿಲೋಮೀಟರ್ ದೂರದಲ್ಲಿದ್ದರೆ ಸುಮಾರು 20 ಸೆಕೆಂಡ್. ನಾಯಿಯ ‘ಮುನ್ಸೂಚನೆ’ಯ ಬಹುಪಾಲು ಗುಟ್ಟು ಈ ಬಿಡುವಿನಲ್ಲಿಯೇ ಅಡಗಿದೆ.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಗಮನಿಸಬೇಕು. ಅಡ್ಡಡ್ಡಲಾಗಿ ಅಲುಗಿಸುವ ದ್ವಿತೀಯ ಅಲೆ ನೀರಿನಲ್ಲಿ ಸಾಗಲಾರದು. ದ್ರವವನ್ನು ಒತ್ತಬಹುದು, ಆದರೆ ಬಂಡೆಯಂತೆ ಅಡ್ಡಕ್ಕೆ ತಿರುಚಿ ಬಿಟ್ಟರೆ ಅದು ಮೊದಲಿನ ಆಕಾರಕ್ಕೆ ಮರಳುವುದಿಲ್ಲ. ಆದ್ದರಿಂದ ಕಡಲಿನ ಆಳದಲ್ಲಿ ತೇಲುವ ಮೀನಿಗೆ ತಲುಪುವುದು ಒತ್ತಡದ ಅಲೆ ಮಾತ್ರ, ಅದೂ ಶಬ್ದದ ರೂಪದಲ್ಲಿ, ಸೆಕೆಂಡಿಗೆ ಸುಮಾರು ಒಂದೂವರೆ ಕಿಲೋಮೀಟರ್ ವೇಗದಲ್ಲಿ. ನೆಲದ ಮೇಲೆ ಕಾಲೂರಿದ ಪ್ರಾಣಿ ಅನುಭವಿಸುವ ಭೂಕಂಪವೇ ಬೇರೆ, ನೀರಿನಲ್ಲಿ ತೇಲುವ ಪ್ರಾಣಿ ಅನುಭವಿಸುವ ಭೂಕಂಪವೇ ಬೇರೆ.

ನಾಯಿಯ ಕಿವಿ, ನಾಯಿಯ ಅಂಗಾಲು

ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನೇ ತೆಗೆದುಕೊಳ್ಳೋಣ. ಉದ್ದನೆಯ ಕಾಲು, ಒಳಸರಿದ ಹೊಟ್ಟೆ, ಚೂಪು ಮೂತಿ. ಮೂಗಿಗಿಂತ ಕಣ್ಣನ್ನು ಹೆಚ್ಚು ನಂಬಿ ಬೇಟೆಯಾಡುವ ತಳಿ ಇದು. ಭಾರತೀಯ ಸೇನೆ ತರಬೇತಿಗೆ ಆರಿಸಿಕೊಂಡ ದೇಶಿ ತಳಿ ಎಂಬ ಹೆಮ್ಮೆಯೂ ಇದಕ್ಕಿದೆ. ಭೂಕಂಪದ ವಿಷಯದಲ್ಲಿ ಮಾತ್ರ ಮುಧೋಳ ನಾಯಿಗೂ ಬೀದಿನಾಯಿಗೂ ವ್ಯತ್ಯಾಸವಿದೆ ಎನ್ನಲು ಯಾವ ಆಧಾರವೂ ಇಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಎಲ್ಲ ನಾಯಿಗಳಿಗೂ ಸಮಾನವಾದ ಎರಡು ಅಂಗಗಳು.

ಒಂದು ಕಿವಿ. ಮನುಷ್ಯನಿಗೆ 20ರಿಂದ 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿಸುತ್ತದೆ. ನಾಯಿಗೆ ಸುಮಾರು 67ರಿಂದ 45,000 ಹರ್ಟ್ಸ್‌ವರೆಗೆ. ನಾಯಿಯ ಕಿವಿ ಎಲ್ಲದರಲ್ಲಿಯೂ ನಮ್ಮದಕ್ಕಿಂತ ಚುರುಕು ಎಂಬ ನಂಬಿಕೆ ಅರ್ಧ ಮಾತ್ರ ನಿಜ. ತೀರಾ ತಗ್ಗಿನ ಗುಡುಗುವ ಸದ್ದನ್ನು ಅದಕ್ಕಿಂತ ನಾವೇ ಚೆನ್ನಾಗಿ ಕೇಳುತ್ತೇವೆ. ಆದರೆ ನೆಲಮಟ್ಟಕ್ಕೆ ಹತ್ತಿರವಾಗಿ ಹುಟ್ಟುವ ಸಣ್ಣ ಭೂಕಂಪಗಳು ತುಸು ಮೇಲಿನ ಸ್ಥಾಯಿಯ ಸದ್ದನ್ನೂ ಹೊರಡಿಸುತ್ತವೆ. ವಿಜಯಪುರ ಭಾಗದಲ್ಲಿ ಜನ ‘ನೆಲದೊಳಗೆ ಸ್ಫೋಟವಾದ ಹಾಗೆ ಸದ್ದು ಕೇಳಿತು’ ಎನ್ನುವುದು ಸುಳ್ಳಲ್ಲ. ಪ್ರಾಥಮಿಕ ಅಲೆ ನೆಲದಿಂದ ಗಾಳಿಗೆ ದಾಟಿದಾಗ ಅದು ಸದ್ದಾಗಿಯೇ ಕೇಳಿಸುತ್ತದೆ. ನಮಗೆ ಕೇಳಿಸದಷ್ಟು ಕ್ಷೀಣವಾದದ್ದು ನಾಯಿಗೆ ಕೇಳಿಸಿರಬಹುದು.

ಇನ್ನೊಂದು ಅಂಗಾಲು. ಸಸ್ತನಿಗಳ ಚರ್ಮದಾಳದಲ್ಲಿ, ಅದರಲ್ಲೂ ಅಂಗಾಲಿನ ಮೆತ್ತೆಯಲ್ಲಿ, ಪದರ ಪದರವಾಗಿ ಸುತ್ತಿಕೊಂಡ ಸೂಕ್ಷ್ಮ ನರತುದಿಗಳಿವೆ. ಕಂಪನವನ್ನು ಗುರುತಿಸುವುದೇ ಇವುಗಳ ಕೆಲಸ. ನಾಲ್ಕು ಕಾಲನ್ನೂ ಬರಿ ನೆಲಕ್ಕೆ ಊರಿದ, ಅಥವಾ ನೆಲಕ್ಕೆ ಮೈಯೊಡ್ಡಿ ಮಲಗಿದ ಪ್ರಾಣಿಗೆ ಪ್ರಾಥಮಿಕ ಅಲೆಯ ಮೃದುವಾದ ನಡುಕ ಸಿಕ್ಕಿಬಿಡುತ್ತದೆ. ಮಂಚದ ಮೇಲೆ ಹಾಸಿಗೆಯಲ್ಲಿರುವ, ಟಿ.ವಿ. ಸದ್ದಿನ ನಡುವೆ ಇರುವ ಮನುಷ್ಯನಿಗೆ ಸಿಗುವುದಿಲ್ಲ. ನಾಯಿ ಬೊಗಳಿದ ಕೆಲವು ಸೆಕೆಂಡುಗಳಲ್ಲಿ ಪಾತ್ರೆಗಳು ಅಲುಗಾಡಿದರೆ, ಆ ನಾಯಿ ಭವಿಷ್ಯ ನುಡಿದಿಲ್ಲ. ಆಗಲೇ ಶುರುವಾಗಿದ್ದ ಭೂಕಂಪವನ್ನು ನಮಗಿಂತ ಮೊದಲು ಗುರುತಿಸಿದೆ. ಇಷ್ಟರ ಮಟ್ಟಿಗೆ ಹಳ್ಳಿಯ ಮಾತು ನಿಜ. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರು ತಪ್ಪು ಮಾಡುತ್ತಾರೆ.

ಗಂಟೆಗಳ ಮೊದಲೇ ತಿಳಿಯುತ್ತದೆಯೇ?

ನಿಜವಾದ ವಿವಾದ ಇರುವುದು ಇಲ್ಲಿ. ಸೆಕೆಂಡುಗಳನ್ನು ಎಲ್ಲರೂ ಒಪ್ಪುತ್ತಾರೆ. ಗಂಟೆ, ದಿನಗಳ ಮಾತು ಬಂದಾಗ ವಿಜ್ಞಾನಿಗಳು ಇಬ್ಭಾಗವಾಗುತ್ತಾರೆ.

ಜರ್ಮನಿಯ ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆಯ ಮಾರ್ಟಿನ್ ವಿಕೆಲ್‌ಸ್ಕಿ ಮತ್ತು ಸಂಗಡಿಗರು 2016–17ರಲ್ಲಿ ಇಟಲಿಯ ಭೂಕಂಪಪೀಡಿತ ಪ್ರದೇಶದ ಒಂದು ಹೊಲಮನೆಯಲ್ಲಿ ಆರು ಹಸು, ಐದು ಕುರಿ ಹಾಗೂ ಎರಡು ನಾಯಿಗಳಿಗೆ ಚಲನೆ ಅಳೆಯುವ ಉಪಕರಣ ಕಟ್ಟಿದರು. ಆ ಅವಧಿಯಲ್ಲಿ ಆ ಪ್ರದೇಶದಲ್ಲಿ ದಾಖಲಾದ ಕಂಪನಗಳು 18,000ಕ್ಕೂ ಹೆಚ್ಚು. ದೊಡ್ಡ ಕಂಪನಗಳಿಗೆ ಮೊದಲು, ಕೆಲವೊಮ್ಮೆ 20 ಗಂಟೆಗಳಷ್ಟು ಮೊದಲೇ, ಕೊಟ್ಟಿಗೆಯಲ್ಲಿದ್ದ ಪ್ರಾಣಿಗಳು ಎಂದಿಗಿಂತ ಹೆಚ್ಚು ಚಡಪಡಿಸಿದವು ಎಂದು ಅವರು 2020ರಲ್ಲಿ ಪ್ರಕಟಿಸಿದರು. ಕಂಪನದ ಮೂಲ ಹತ್ತಿರವಿದ್ದಷ್ಟೂ ಚಡಪಡಿಕೆ ಬೇಗ ಶುರುವಾಯಿತು ಎಂಬುದು ಅವರ ವಾದದ ಗಟ್ಟಿ ಭಾಗ. ಒತ್ತಡಕ್ಕೆ ಸಿಕ್ಕ ಬಂಡೆಗಳಿಂದ ಹೊರಬರುವ ವಿದ್ಯುದಂಶ ಗಾಳಿಯನ್ನು ಬದಲಿಸುತ್ತದೆ, ಅದು ಪ್ರಾಣಿಗಳ ತುಪ್ಪಳಕ್ಕೆ ತಾಕುತ್ತದೆ ಎಂಬುದು ಅವರು ಮುಂದಿಟ್ಟ ಊಹೆ.

ಎದುರು ಪಕ್ಷವೂ ಬಲವಾಗಿದೆ. 2018ರಲ್ಲಿ ಹೈಕೊ ವೊಯ್ತ್ ನೇತೃತ್ವದ ತಂಡ 160 ಭೂಕಂಪಗಳಿಗೆ ಸಂಬಂಧಿಸಿದ 729 ವರದಿಗಳನ್ನು ಜಾಲಾಡಿತು. ಬಹುಪಾಲು ವರದಿಗಳು ಭೂಕಂಪ ಆದ ಮೇಲೆ ‘ಅಂದು ನಮ್ಮ ದನ ಹೀಗೆ ಮಾಡಿತ್ತು’ ಎಂದು ನೆನಪಿಸಿಕೊಂಡಂಥವು. ಭೂಕಂಪ ಆಗದ ದಿನಗಳಲ್ಲಿ ಅದೇ ದನ ಹೇಗಿತ್ತು ಎಂಬ ದಾಖಲೆ ಇರಲಿಲ್ಲ. ಆ ದಾಖಲೆ ಇಲ್ಲದೆ ಇಡೀ ವಾದ ನಿಲ್ಲುವುದೇ ಇಲ್ಲ. ಇನ್ನೂ ಮುಖ್ಯವಾದ ಮಾತೆಂದರೆ, ಪ್ರಾಣಿಗಳ ವಿಚಿತ್ರ ವರ್ತನೆ ಕಂಡುಬಂದ ಸಮಯ ಮತ್ತು ಸ್ಥಳ, ದೊಡ್ಡ ಕಂಪನಕ್ಕೆ ಮೊದಲು ಬರುವ ಸಣ್ಣ ಕಂಪನಗಳ ಹಂಚಿಕೆಯನ್ನು ಬಹಳಮಟ್ಟಿಗೆ ಹೋಲುತ್ತಿತ್ತು. ಅಂದರೆ ಪ್ರಾಣಿಗಳಿಗೆ ಸಿಕ್ಕಿದ್ದು ಈ ಮುಂಗಂಪನಗಳೇ ಆಗಿರಬಹುದು.

ಒಂದು ಹೊಲಮನೆ, ಹದಿಮೂರು ಪ್ರಾಣಿ. ಇಷ್ಟರಿಂದ ಒಂದು ಜಿಲ್ಲೆಗೆ ಎಚ್ಚರಿಕೆ ಗಂಟೆ ಬಾರಿಸಲಾಗದು. ಆದರೆ ಇಟಲಿಯ ಅಧ್ಯಯನ ಸರಿಯಾದ ರೀತಿಯಲ್ಲಿ ಪ್ರಶ್ನೆ ಕೇಳಿದೆ. ಅದನ್ನು ಇನ್ನೂ ಹತ್ತು ಕಡೆ, ವರ್ಷಗಟ್ಟಲೆ ಮಾಡಿ ನೋಡುವುದು ಯೋಗ್ಯ ಕೆಲಸ. ನಾಯಿಯ ಕಡತವನ್ನು ತೆರೆದೇ ಇಡಬೇಕು.

ಮೀನಿನ ಕಡತ

ಓರ್‌ಫಿಶ್ ಮೂಳೆಮೀನುಗಳಲ್ಲೆಲ್ಲ ಅತಿ ಉದ್ದವಾದದ್ದು. ಖಚಿತವಾಗಿ ಅಳೆದ ಉದ್ದ 8 ಮೀಟರ್; 11 ಮೀಟರಿನ ಮಾತೂ ಇದೆ. ವಾಸ ಸಾಮಾನ್ಯವಾಗಿ 200ರಿಂದ 1,000 ಮೀಟರ್ ಆಳದಲ್ಲಿ. ಮೈಮೇಲೆ ಹುರುಪೆಯಿಲ್ಲ, ಒಳಗೆ ಗಾಳಿಚೀಲವಿಲ್ಲ, ಮಾಂಸ ಲೋಳೆಲೋಳೆ. ಬೆನ್ನುದ್ದಕ್ಕೂ ಇರುವ ಕೆಂಪು ರೆಕ್ಕೆಯನ್ನು ಅಲೆಯಂತೆ ಆಡಿಸುತ್ತ ನೀರಿನಲ್ಲಿ ನೆಟ್ಟಗೆ ನಿಂತು ಸಣ್ಣ ಜೀವಿಗಳನ್ನು ತಿನ್ನುತ್ತದೆ. ಗಟ್ಟಿ ಪ್ರವಾಹಕ್ಕೆ ಎದುರಾಗಿ ಈಜುವ ಕಸುವು ಇದಕ್ಕಿಲ್ಲ. ಕಾಯಿಲೆ ಬಿದ್ದರೆ, ಬಿರುಗಾಳಿ ಎದ್ದರೆ, ಪ್ರವಾಹದ ದಿಕ್ಕು ಅಥವಾ ನೀರಿನ ತಾಪ ಬದಲಾದರೆ ಅದು ದಿಕ್ಕೆಟ್ಟು ಮೇಲಕ್ಕೆ ಬರುತ್ತದೆ. ಮೇಲೆ ಬಂದದ್ದು ಸಾಮಾನ್ಯವಾಗಿ ಸಾಯುತ್ತಿರುವ ಮೀನು, ಇಲ್ಲವೇ ಸತ್ತದ್ದು.

ಕಂಪನ ಗುರುತಿಸುವ ಅಂಗ ಮೀನಿಗೂ ಇದೆ. ಮೀನುಗಳ ಮೈಯ ಇಕ್ಕೆಲದಲ್ಲಿ ನೀರಿನ ಚಲನೆ ಅರಿಯುವ ಒಂದು ಸಾಲು ಇರುತ್ತದೆ, ತಲೆಯೊಳಗೆ ಕಿವಿಗಲ್ಲು ಇರುತ್ತದೆ. ಆ ಸಾಲಿನಲ್ಲಿರುವ ಕೂದಲುಕೋಶ ಮತ್ತು ನಾಯಿಯ ಒಳಕಿವಿಯಲ್ಲಿರುವ ಕೂದಲುಕೋಶ ಒಂದೇ ಬಗೆಯವು. ಕೋಟ್ಯಂತರ ವರ್ಷಗಳ ಹಿಂದಿನ ಒಂದೇ ಮೂಲದಿಂದ ಬಂದವು. ಆದರೆ ನಾಯಿ ನೆಲಕ್ಕೆ ಅಂಟಿಕೊಂಡಿದೆ, ಓರ್‌ಫಿಶ್ ಕಡಲತಳಕ್ಕೂ ಅಂಟಿಕೊಳ್ಳದೆ ನಡುನೀರಿನಲ್ಲಿ ತೇಲುತ್ತದೆ. ಕಡಲತಳದ ಬಂಡೆಯಲ್ಲಿ ನಿಧಾನವಾಗಿ ಕೂಡುವ ಒತ್ತಡ, ನೂರಾರು ಮೀಟರ್ ನೀರನ್ನು ದಾಟಿ ಅದಕ್ಕೆ ತಿಳಿಯುವ ದಾರಿ ಯಾವುದು ಎಂಬುದಕ್ಕೆ ಈವರೆಗೆ ಒಪ್ಪುವಂಥ ಉತ್ತರ ಬಂದಿಲ್ಲ.

ಜಪಾನಿನಲ್ಲಿ ಇದನ್ನು ಕಡಲದೇವನ ಅರಮನೆಯ ದೂತ ಎಂದು ಕರೆಯುತ್ತಾರೆ. 2009–10ರ ಚಳಿಗಾಲದಲ್ಲಿ ಅಲ್ಲಿನ ದಡಗಳಲ್ಲಿ ಹಲವು ಓರ್‌ಫಿಶ್‌ಗಳು ಕಂಡವು. 2011ರ ಮಾರ್ಚ್ 11ರಂದು ಮಹಾಭೂಕಂಪ, ಸುನಾಮಿ ಬಂದವು. ನಂಬಿಕೆ ಜಗತ್ತಿಗೆಲ್ಲ ಹಬ್ಬಿದ್ದು ಆಗಲೇ. ಎರಡರ ನಡುವೆ ಒಂದು ವರ್ಷದ ಅಂತರವಿತ್ತು ಎಂಬುದನ್ನು ಯಾರೂ ಕೇಳಲಿಲ್ಲ. ಅದೇ ಜಪಾನಿನ ಸಂಶೋಧಕರು ಇದನ್ನು ಲೆಕ್ಕ ಹಾಕಿ ನೋಡಿದರು. 1928ರಿಂದ 2011ರವರೆಗೆ ಆಳಸಮುದ್ರದ ಮೀನುಗಳು ಕಂಡ 336 ಪ್ರಸಂಗಗಳನ್ನು, ಅದೇ ಕಾಲದ 221 ಭೂಕಂಪಗಳ ಪಕ್ಕ ಇಟ್ಟು ಹೋಲಿಸಿದರು. ತಾಳೆಯಾದದ್ದು ಒಂದೇ ಒಂದು. 2019ರಲ್ಲಿ ಪ್ರಕಟವಾದ ಆ ಅಧ್ಯಯನ ಮೀನಿಗೂ ಭೂಕಂಪಕ್ಕೂ ಸಂಬಂಧವಿಲ್ಲ ಎಂದು ಹೇಳಿತು.

ಆದರೂ ಪ್ರತಿ ಸಲ ‘ನೋಡಿ, ಮೀನು ಬಂತು, ಭೂಕಂಪವೂ ಆಯಿತು’ ಎಂದು ತೋರಿಸಲು ಸಾಧ್ಯವಾಗುವುದು ಹೇಗೆ? ಜಗತ್ತಿನಲ್ಲಿ ವರ್ಷಕ್ಕೆ 6ರಿಂದ 6.9 ತೀವ್ರತೆಯ ಭೂಕಂಪಗಳೇ ಸುಮಾರು 130 ಆಗುತ್ತವೆ. ಅಂದರೆ ಸರಾಸರಿ ಮೂರು ದಿನಕ್ಕೊಂದು. 5ರಿಂದ 5.9 ತೀವ್ರತೆಯವು ಸಾವಿರಕ್ಕೂ ಹೆಚ್ಚು. ಯಾವ ದಿನ ಮೀನು ಸಿಕ್ಕರೂ ವಾರದೊಳಗೆ ಎಲ್ಲಾದರೂ ಭೂಮಿ ನಡುಗಿಯೇ ನಡುಗುತ್ತದೆ. ಜುಲೈ ತಿಂಗಳಲ್ಲಿ ಆಗುಂಬೆಯಲ್ಲಿ ನಿಂತು ‘ಮಳೆ ಬರುತ್ತದೆ’ ಎಂದು ಭವಿಷ್ಯ ಹೇಳಿದ ಹಾಗೆ ಇದು. ತಮಿಳುನಾಡಿನ ಕಡಲಲ್ಲಿ ಸಿಕ್ಕ ಮೀನನ್ನು ಕೃಷ್ಣೆಯ ದಂಡೆಯ ನೆಲಕ್ಕೆ ಗಂಟು ಹಾಕುವುದಂತೂ ಇನ್ನೂ ದೂರದ ಮಾತು.

ವಿಜಯಪುರದಲ್ಲಿ ನೆಲ ಏಕೆ ಕಂಪಿಸುತ್ತದೆ?

ವಿಜಯಪುರದ ಬಹುಭಾಗ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಗಟ್ಟಿಯಾಗಿ ಆದ ಕರಿಕಲ್ಲಿನ ಮೇಲೆ ನಿಂತಿದೆ. ದಖ್ಖನ್ ಲಾವಾ ಹಾಸಿನ ದಕ್ಷಿಣದ ಅಂಚು ಇದು. ಈ ಬಂಡೆಯಲ್ಲಿಯೂ ಅದರ ಕೆಳಗಿನ ಹಳೆಯ ಶಿಲೆಯಲ್ಲಿಯೂ ಬಿರುಕುಗಳಿವೆ. ಉತ್ತರಕ್ಕೆ ಸರಿಯುತ್ತಿರುವ ಭಾರತದ ಭೂಫಲಕ ಹಿಮಾಲಯದ ಕಡೆ ಒತ್ತಿಕೊಳ್ಳುತ್ತಿರುವುದರಿಂದ ಈ ಬಿರುಕುಗಳ ಮೇಲೆ ಸದಾ ಒತ್ತಡವಿರುತ್ತದೆ. ಜೋರು ಮಳೆಗಾಲದಲ್ಲಿ ನೀರು ಬಿರುಕುಗಳಿಗೆ ಇಳಿದರೆ ಒಳಗಿನ ನೀರಿನ ಒತ್ತಡ ಹೆಚ್ಚಿ, ಬಂಡೆಗಳ ನಡುವಿನ ಬಿಗಿ ಸಡಿಲುತ್ತದೆ. ತುಸು ಜಾರಿದರೂ ಸದ್ದು, ನಡುಕ. 2021ರಲ್ಲಿ ಕಲಬುರಗಿ, ವಿಜಯಪುರ ಭಾಗದಲ್ಲಿ ಸರಣಿ ಕಂಪನಗಳು ಆದಾಗ ತಜ್ಞರು ಕೊಟ್ಟ ವಿವರಣೆ ಬಹುತೇಕ ಇದೇ.

ಆಲಮಟ್ಟಿ ಜಲಾಶಯ ಕಾರಣವೇ ಎಂಬ ಅನುಮಾನವೂ ಜನರಲ್ಲಿದೆ. ಅದು ಅಸಂಬದ್ಧ ಪ್ರಶ್ನೆಯಲ್ಲ. 1967ರ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಕೊಯ್ನಾದಲ್ಲಿ ಆದ 6.3 ತೀವ್ರತೆಯ ಭೂಕಂಪ ಜಲಾಶಯದಿಂದ ಪ್ರಚೋದಿತವಾದದ್ದಕ್ಕೆ ಜಗತ್ತೇ ಉದಾಹರಿಸುವ ಪ್ರಕರಣ. ಅಲ್ಲಿ ಇಂದಿಗೂ ಕಂಪನಗಳು ನಿಂತಿಲ್ಲ. ಬೆಳಗಾವಿಗೆ ಕೊಯ್ನಾ ಇನ್ನೂರು ಕಿಲೋಮೀಟರ್ ಒಳಗೇ ಇದೆ. ಆದರೆ ಕೊಯ್ನಾದ ವಾದ ಗೆದ್ದದ್ದು ಜಲಾಶಯದ ನೀರಿನ ಮಟ್ಟವನ್ನೂ ಕಂಪನಗಳ ಸಂಖ್ಯೆಯನ್ನೂ ದಶಕಗಳ ಕಾಲ ಅಕ್ಕಪಕ್ಕ ಬರೆದಿಟ್ಟಿದ್ದರಿಂದ. ಆಲಮಟ್ಟಿಯ ಎತ್ತರದ ಚರ್ಚೆ ನಡೆಯುತ್ತಿರುವ ಈ ಹೊತ್ತಿನಲ್ಲಿ ಇಲ್ಲಿಯೂ ಅಂಥ ದಾಖಲೆಯನ್ನು ಜನರ ಮುಂದೆ ನಿಯಮಿತವಾಗಿ ಇಡಬೇಕೆಂದು ಒತ್ತಾಯಿಸುವುದು ನ್ಯಾಯ.

ಸಣ್ಣ ಕಂಪನಗಳನ್ನು ‘ಏನೂ ಆಗುವುದಿಲ್ಲ’ ಎಂದು ಸಮಾಧಾನ ಹೇಳುವವರಿಗೂ ಒಂದು ಮಾತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿ ನೆಲಸಮವಾಗುವುದಕ್ಕೆ ಒಂದು ವರ್ಷ ಮೊದಲು, 1992ರ ಅಕ್ಟೋಬರ್–ನವೆಂಬರ್‌ನಲ್ಲಿ, ಅಲ್ಲಿಯೂ ಸಣ್ಣ ಕಂಪನಗಳ ಸರಣಿ ಬಂದಿತ್ತು. ಜನ ಹೆದರಿದ್ದರು. ಅದು ತಣ್ಣಗಾಯಿತು. ಮುಂದಿನ ವರ್ಷ 6.2 ತೀವ್ರತೆಯ ಭೂಕಂಪಕ್ಕೆ ಸುಮಾರು 10 ಸಾವಿರ ಜನ ಬಲಿಯಾದರು. ಇಂಥ ಸರಣಿಗಳಲ್ಲಿ ಬಹುಪಾಲು ಯಾವ ಅನಾಹುತವೂ ಆಗದೆ ಅಡಗುತ್ತವೆ. ಯಾವುದು ಅಡಗುತ್ತದೆ, ಯಾವುದು ಅಡಗುವುದಿಲ್ಲ ಎಂದು ಮೊದಲೇ ಹೇಳುವ ಉಪಕರಣ ಜಗತ್ತಿನ ಯಾವ ದೇಶದ ಬಳಿಯೂ ಇಲ್ಲ.

ತಪ್ಪು ಎಚ್ಚರಿಕೆಯ ಬೆಲೆ

ಪ್ರಾಣಿಗಳನ್ನು ನಂಬಬೇಕು ಎನ್ನುವವರು ಚೀನಾದ ಹೈಚೆಂಗ್‌ನ ಉದಾಹರಣೆ ಕೊಡುತ್ತಾರೆ. 1975ರ ಫೆಬ್ರವರಿ 4ರಂದು ಅಲ್ಲಿ ಭೂಕಂಪಕ್ಕೆ ಮೊದಲೇ ಜನರನ್ನು ಮನೆಯಿಂದ ಹೊರಗೆ ಕಳುಹಿಸಲಾಗಿತ್ತು, ಸಾವಿರಾರು ಜೀವ ಉಳಿದವು. ಹಾವು, ಇಲಿಗಳ ವರ್ತನೆಯ ವರದಿಗಳು ಇದ್ದವು ನಿಜ. ನಿರ್ಣಾಯಕವಾದದ್ದು ಹಿಂದಿನ ದಿನದಿಂದ ಒಂದೇ ಸಮನೆ ಹೆಚ್ಚುತ್ತಿದ್ದ ಮುಂಗಂಪನಗಳು. ಮರುವರ್ಷ, 1976ರ ಜುಲೈ 28ರಂದು, ತಾಂಗ್‌ಶಾನ್‌ನಲ್ಲಿ ಅಂಥ ಮುಂಗಂಪನಗಳು ಬರಲಿಲ್ಲ, ಎಚ್ಚರಿಕೆಯೂ ಹೊರಡಲಿಲ್ಲ. ಅಧಿಕೃತ ಲೆಕ್ಕದಂತೆ 2.4 ಲಕ್ಷಕ್ಕೂ ಹೆಚ್ಚು ಜನ ಸತ್ತರು.

ಇಲ್ಲಿ ಮೀನಿನ ವಿಡಿಯೊ ನಂಬಿ ಒಂದು ಊರಿನ ಜನ ರಾತ್ರಿಯಿಡೀ ಬಯಲಲ್ಲಿ ಮಲಗಿದರೆ ಏನು ನಷ್ಟ ಎನ್ನಬಹುದು. ಮಳೆ, ಚಳಿ, ಹಾವು, ಚೇಳು ಒಂದು ಕಡೆ. ದೊಡ್ಡ ನಷ್ಟ ಆಮೇಲಿನದು. ಎರಡು ಸಲ ಸುಳ್ಳಾದ ಎಚ್ಚರಿಕೆಯನ್ನು ಮೂರನೆಯ ಸಲ ಯಾರೂ ಕೇಳುವುದಿಲ್ಲ. ಆ ಮೂರನೆಯದು ಅಧಿಕಾರಿಗಳು ಕೊಟ್ಟ ನಿಜವಾದ ಎಚ್ಚರಿಕೆಯಾಗಿದ್ದರೂ.

ಸೆಕೆಂಡುಗಳ ಎಚ್ಚರಿಕೆ ಕೊಡುವ ಕೆಲಸವನ್ನು ಈಗ ಯಂತ್ರಗಳೂ ಮಾಡುತ್ತಿವೆ. ಆಂಡ್ರಾಯ್ಡ್ ಮೊಬೈಲ್‌ಗಳಲ್ಲಿನ ಚಲನಮಾಪಕಗಳು ಪ್ರಾಥಮಿಕ ಅಲೆಯನ್ನು ಹಿಡಿದು ದೂರದವರಿಗೆ ಸಂದೇಶ ಕಳುಹಿಸುವ ವ್ಯವಸ್ಥೆ 2023ರ ಸೆಪ್ಟೆಂಬರ್‌ನಲ್ಲಿ ಭಾರತಕ್ಕೂ ಬಂತು. ತತ್ತ್ವ ನಾಯಿಯ ಅಂಗಾಲಿನದೇ. ಮಿತಿಯೂ ಅದೇ: ಕೊಯ್ನಾ ಅಥವಾ ಕಿಲ್ಲಾರಿಯಲ್ಲಿ ದೊಡ್ಡ ಕಂಪನವಾದರೆ ನಮ್ಮ ಭಾಗಕ್ಕೆ ಹತ್ತಿಪ್ಪತ್ತು ಸೆಕೆಂಡ್ ಸಿಗಬಹುದು, ಕಾಲಡಿಯಲ್ಲೇ ಹುಟ್ಟಿದರೆ ಏನೂ ಸಿಗುವುದಿಲ್ಲ.

ಗೋಡೆಯ ಒಳಗೆ

ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಮನೆಗಳು. ಗಣೇಶ ವಿಸರ್ಜನೆ ಮುಗಿಸಿ ಮಲಗಿದ್ದವರ ಮೇಲೆ, ಬೆಳಗಿನ ಜಾವ ನಾಲ್ಕರ ಹೊತ್ತಿಗೆ, ಕಲ್ಲಿನ ಗೋಡೆ ಮತ್ತು ಮಣ್ಣಿನ ಮಾಳಿಗೆ ಕುಸಿದವು. ಆ ಮನೆಗಳ ರಚನೆ ವಿಜಯಪುರ, ಬಾಗಲಕೋಟೆಯ ಹಳ್ಳಿಗರಿಗೆ ಅಪರಿಚಿತವಲ್ಲ. ಎರಡು ಅಡಿಗಿಂತ ದಪ್ಪನೆಯ ಗೋಡೆ; ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು ಕಲ್ಲು, ನಡುವೆ ಮಣ್ಣು, ಜಲ್ಲಿ. ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣು. ಸೋರದಿರಲೆಂದು ಮಳೆಗಾಲಕ್ಕೆ ಮೊದಲು ಮತ್ತೆ ಮತ್ತೆ ಹಾಕಿದ ಮಣ್ಣು ತಲೆಮಾರುಗಳಲ್ಲಿ ಟನ್‌ಗಟ್ಟಲೆ ಭಾರವಾಗುತ್ತದೆ. ಬೇಸಿಗೆಯಲ್ಲಿ ತಂಪು ಕೊಡುವ ಅದೇ ಮಾಳಿಗೆ, ನೆಲ ಅಡ್ಡಡ್ಡ ಅಲುಗಿದಾಗ ಗೋಡೆಯನ್ನು ಜಗ್ಗುತ್ತದೆ. ಗೋಡೆಯ ಎರಡು ಮೈಗಳನ್ನು ಹಿಡಿದಿಡುವ ಉದ್ದನೆಯ ಕಲ್ಲು ಇಲ್ಲದಿದ್ದರೆ ಅವು ಉಬ್ಬಿ ಬೇರೆಬೇರೆಯಾಗಿ ಸುರಿಯುತ್ತವೆ, ಭಾರವೆಲ್ಲ ಒಳಗಿದ್ದವರ ಮೇಲೆ.

ಭಾರತೀಯ ಮಾನಕ ಬ್ಯೂರೊದ 2016ರ ಸಂಹಿತೆಯಲ್ಲಿ ಬೆಳಗಾವಿ, ವಿಜಯಪುರ ಎರಡೂ ಮೂರನೆಯ ವಲಯದಲ್ಲಿವೆ. ಅಂದರೆ ಮಧ್ಯಮ ಪ್ರಮಾಣದ ಅಪಾಯ. ಕಟ್ಟಡ ಕಟ್ಟುವಾಗ ಏನು ಮಾಡಬೇಕೆಂಬುದು ಬಹಳ ಕಾಲದಿಂದ ಗೊತ್ತಿರುವ ವಿಷಯ. ಬಾಗಿಲು, ಕಿಟಕಿಯ ಮೇಲ್ಮಟ್ಟದಲ್ಲಿ ಗೋಡೆಯ ಸುತ್ತ ಕಬ್ಬಿಣ ಹಾಕಿದ ಕಾಂಕ್ರೀಟ್ ಪಟ್ಟಿ, ಗೋಡೆಯ ದಪ್ಪವನ್ನು ಪೂರ್ತಿ ದಾಟುವ ಕಲ್ಲುಗಳು, ಮೂಲೆಗಳಿಗೆ ಬಿಗಿ, ಮಾಳಿಗೆಯ ಮೇಲಿನ ಹಳೆಯ ಮಣ್ಣಿನ ಹೊರೆ ಇಳಿಸುವುದು. ಹಳೆಯ ಮನೆ ಕೆಡವದೆಯೂ ಇವುಗಳಲ್ಲಿ ಕೆಲವನ್ನು ಮಾಡಬಹುದು. ಕಿಲ್ಲಾರಿ ಭಾಗದಲ್ಲಿ ಭೂಕಂಪದ ನಂತರ 52 ಹಳ್ಳಿಗಳನ್ನು ಬೇರೆಡೆ ಕಟ್ಟಿದರು, ಉಳಿದೆಡೆ ಇಂಥ ದುರಸ್ತಿಯನ್ನೇ ದೊಡ್ಡ ಪ್ರಮಾಣದಲ್ಲಿ ಕೈಗೊಂಡರು. ಎಲ್ಲವೂ ಸಾವಿನ ನಂತರ. ವಿಜಯಪುರಕ್ಕೆ ಸಣ್ಣ ಕಂಪನಗಳು ಸಮಯ ಕೊಟ್ಟಿವೆ. ವಸತಿ ಯೋಜನೆಯ ಹಣ ಬಿಡುಗಡೆ ಮಾಡುವ ಮೊದಲು ಪಂಚಾಯಿತಿಯ ಎಂಜಿನಿಯರ್ ಆ ಕಾಂಕ್ರೀಟ್ ಪಟ್ಟಿ ಇದೆಯೇ ಎಂದು ನೋಡಬೇಕು. ಶಾಲೆ, ಅಂಗನವಾಡಿಗಳ ಕಲ್ಲಿನ ಗೋಡೆಗಳಲ್ಲಿ ಉಬ್ಬಿದವು ಎಷ್ಟು ಎಂದು ಪಟ್ಟಿ ಮಾಡಬೇಕು. ಆ ಪಟ್ಟಿಯನ್ನು ಮುಂದಿನ ಗ್ರಾಮಸಭೆಯಲ್ಲಿ ಓದಿಸುವಂತೆ ಕೇಳುವ ಹಕ್ಕು ಊರಿನ ಪ್ರತಿಯೊಬ್ಬ ಮತದಾರನಿಗೂ ಇದೆ.